‘ಸಾದಾ ಗಡ್ಡೆ ಅಂದಿದ್ರಲ್ವಾ, ಮತ್ತೆ ಯಾಕೆ ಬಂತು?’

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಈಕೆಯನ್ನು ಸುಧಾ ಎಂದಿಟ್ಟುಕೊಳ್ಳೋಣ. ವಯಸ್ಸು 42.

ಬಂದವರೇ ಎರಡು ರಿಪೋರ್ಟ್ ಮೇಜಿನ ಮೇಲಿಟ್ಟರು. "ಮೇಡಂ, ಆಪರೇಷನ್ ಆಗಿ 14 ತಿಂಗಳು 9 ದಿನ. ಅದೇ ಜಾಗದಲ್ಲಿ ಮತ್ತೆ ಬಂದಿದೆ. ನಾನೇನು ತಪ್ಪು ಮಾಡಿದೆ?" ಭಾರ ಎತ್ತಿದ್ದು, ಊಟ ತಪ್ಪಿಸಿದ್ದು, ಮಗನ ಮೇಲೆ ಸಿಟ್ಟಾಗಿದ್ದು, ಎಲ್ಲವೂ ಅವರ ತಪ್ಪಿನ ಪಟ್ಟಿಯಲ್ಲಿತ್ತು.

ಅವರದು ಫಿಲೋಡಿಸ್ ಗಡ್ಡೆ. ಸ್ತನದ ಗಡ್ಡೆಗಳಲ್ಲಿ ನೂರಕ್ಕೆ ಒಂದೂ ಇರದಷ್ಟು ಅಪರೂಪ. ಸ್ಕ್ಯಾನಿಂಗಿನಲ್ಲಿ ಕ್ಯಾನ್ಸರ್ ಅಲ್ಲದ ಮಾಮೂಲಿ ಗಡ್ಡೆ ಫೈಬ್ರೋಅಡಿನೋಮಾದ ಹಾಗೇ ಕಾಣುತ್ತದೆ, ಸೂಜಿ ಪರೀಕ್ಷೆಯಲ್ಲೂ ಎಷ್ಟೋ ಸಲ ಪತ್ತೆಯಾಗುವುದಿಲ್ಲ. ಸುಧಾಗೂ ಫೈಬ್ರೋಅಡಿನೋಮಾ ಅಂತಲೇ ಗಡ್ಡೆಯನ್ನಷ್ಟೇ ತೆಗೆದಿದ್ದರು. ಫಿಲೋಡಿಸ್ ಅಂತ ಗೊತ್ತಾಗಿದ್ದು ಆಮೇಲೆ, ತೆಗೆದ ಗಡ್ಡೆಯನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ಪೆಥಾಲಜಿ ರಿಪೋರ್ಟಿನಲ್ಲಿ.

ನಾನು ವೈದ್ಯೆಯಲ್ಲ. ಆದರೆ ರಿಪೋರ್ಟಿನಲ್ಲಿ ಯಾವ ಸಾಲು ಹುಡುಕಬೇಕು ಅನ್ನುವುದು ಗೊತ್ತು. ತೆಗೆದ ತುಂಡಿನ ಅಂಚಿನವರೆಗೂ ಗಡ್ಡೆಯ ಜೀವಕೋಶಗಳಿವೆ ಎಂದು ಮೊದಲ ರಿಪೋರ್ಟಿನಲ್ಲೇ ಇತ್ತು. ಸಾದಾ, ಅಂದರೆ ಕ್ಯಾನ್ಸರ್ ಅಲ್ಲದ ಫಿಲೋಡಿಸ್ ಕೂಡ ಅದೇ ಜಾಗದಲ್ಲಿ ಮರುಕಳಿಸಬಹುದು, ಅದೂ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದೊಳಗೆ. ‘ಸಾದಾ’ ಅಂದಾಗ ಸುಧಾಗೆ ಕೇಳಿಸಿದ್ದು ‘ಮುಗೀತು’ ಅಂತ. ಅವರ ಪಟ್ಟಿಯ ಯಾವ ‘ತಪ್ಪಿ’ಗೂ ಇದಕ್ಕೂ ಸಂಬಂಧವಿಲ್ಲ ಎಂದೆ. ನಂಬಲಿಲ್ಲ. "ಸರ್ಜನ್ ಹತ್ತಿರವೇ ಕೇಳಿ" ಎಂದು ಪ್ರಶ್ನೆಗಳನ್ನು ಜೊತೆಗೆ ಕೂತು ಬರೆದೆವು. ಈ ಸಲದ್ದು ಸಾದಾನಾ, ನಡುವಿನದಾ, ಕ್ಯಾನ್ಸರ್ ದರ್ಜೆಯದಾ? ಹಳೆಯ ಸ್ಲೈಡುಗಳನ್ನು ಇನ್ನೊಬ್ಬ ಪೆಥಾಲಜಿಸ್ಟ್ ನೋಡಬಹುದಾ? ಗಡ್ಡೆಯ ಸುತ್ತ ಎಷ್ಟು ಅಂಚು ಸೇರಿಸಿ ತೆಗೆಯುತ್ತೀರಿ? ಸ್ತನ ಉಳಿಸಿಕೊಂಡೇ ಅಷ್ಟು ತೆಗೆಯಲು ಆಗುತ್ತದಾ?

ಕೊನೆಯ ಪ್ರಶ್ನೆ ಬರೆಯುವಾಗ ಪೆನ್ನು ನಿಂತಿತು. "ಪೂರ್ತಿ ತೆಗೆಸಿಬಿಡು ಅಂತಾರೆ ನಮ್ಮನೆಯವರು. ಬೇಡ ಅಂದ್ರೆ ಜೀವಕ್ಕಿಂತ ಅದೇ ಹೆಚ್ಚಾ ಅಂತಾರೆ."

ಗಂಡನನ್ನು ಬೇರೆಯಾಗಿ ಕರೆಸಿದೆ. ಒರಟು ಮನುಷ್ಯ ಅಂದುಕೊಂಡಿದ್ದೆ, ನನ್ನದೇ ತಪ್ಪು. ಕೂತವರೇ ಅತ್ತುಬಿಟ್ಟರು. ಮಾಮೂಲಿ ಸ್ತನ ಕ್ಯಾನ್ಸರಿನ ವಿಷಯವನ್ನೆಲ್ಲ ಓದಿ, ಕಂಕುಳಿನ ಗಂಟು, ಹಾರ್ಮೋನ್ ಮಾತ್ರೆ, ಎಲ್ಲವನ್ನೂ ಹೆಂಡತಿಯ ತಲೆಗೆ ಕಟ್ಟಿದ್ದರು. ಫಿಲೋಡಿಸ್‌ನ ದಾರಿಯೇ ಬೇರೆ. ಅದು ಕಂಕುಳಿಗೆ ಹೋಗುವುದು ತೀರಾ ಅಪರೂಪ, ಹಾರ್ಮೋನ್ ಮಾತ್ರೆ ಇದಕ್ಕೆ ಚಿಕಿತ್ಸೆಯಲ್ಲ. "ಸರ್ಜನ್ ಹತ್ತಿರ ನೀವೂ ಹೋಗಿ, ಆದರೆ ಮಾತಾಡುವುದು ಸುಧಾ" ಎಂದೆ. ಒಪ್ಪಿದರು.

ಇನ್ನೊಂದು ತೊಂದರೆಯಿತ್ತು. ಸುಧಾ ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಒತ್ತಿ ಒತ್ತಿ ಜಾಗ ನೋಯುತ್ತಿತ್ತು, ನೋವಾದರೆ ಮತ್ತೆ ಭಯ. ಮುಟ್ಟಲೇಬೇಡಿ ಅನ್ನಲಿಲ್ಲ, ಅದು ಆಗದ ಮಾತು. ತಿಂಗಳಿಗೆ ಒಂದು ದಿನ ಗೊತ್ತು ಮಾಡಿದೆವು. ಬೇರೆ ದಿನ ಕೈ ಹೋದರೆ ‘ಒಂದನೇ ತಾರೀಖಿಗೆ ನೋಡ್ತೀನಿ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಅಕಸ್ಮಾತ್ ಹೊಸ ಗಂಟು ಸಿಕ್ಕರೆ ತಾರೀಖು ಕಾಯದೆ ಡಾಕ್ಟರಿಗೆ ತೋರಿಸಬೇಕು.

ಎರಡನೇ ಆಪರೇಷನ್ನಿನಲ್ಲಿ ಅಗಲವಾಗಿ ಕತ್ತರಿಸಿ ತೆಗೆದರು. ಸ್ತನ ಉಳಿಯಿತು, ಆಕಾರ ಸ್ವಲ್ಪ ಬದಲಾಯಿತು. ಈ ಸಲವೂ ಸಾದಾ, ಅಂಚು ಸ್ವಚ್ಛ. ಮತ್ತೆ ಬರುವುದೇ ಇಲ್ಲ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮೊನ್ನೆ ಬಂದಿದ್ದರು. "ಆಪರೇಷನ್ ಆಗಿ ಎಷ್ಟಾಯ್ತು?" ಎಂದೆ. ತಕ್ಷಣ ಹೊಳೆಯಲಿಲ್ಲ. ಫೋನ್ ತೆಗೆದು ನೋಡಿದರು.