ಒಂದು ಸೀಸನ್ನಿನ ಮಟ್ಟಿಗೆ ಮನೆಮಗ

ಕೆನಡಾದ ನಿಪಾವಿನ್‌ಗೆ ಬಂದು ಎರಡೇ ತಿಂಗಳು. ಆಗಲೇ ಊರಿನ ಜೂನಿಯರ್ ಐಸ್ ಹಾಕಿ ತಂಡದವರು "ಈ ಸೀಸನ್ನಿಗೆ ಬೇರೆ ಊರಿಂದ ಬಂದ ಒಬ್ಬ ಆಟಗಾರನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೀರಾ" ಅಂತ ಕೇಳಿದ್ದಾರೆ, ಏನು ಮಾಡಲಿ ಅಕ್ಕ ಅಂತ ಬರೆದಿದ್ದೀರಿ. ಒಪ್ಪಿಕೊಳ್ಳಿ ತಂಗಿ.

2012ರ ಜನವರಿಯಲ್ಲಿ ನಾವು ಪಕ್ಕದ ಮೆಲ್ಫರ್ಟ್‌ಗೆ ಬಂದೆವು. ನಮ್ಮನ್ನೂ ಹೀಗೇ ಕೇಳಿದ್ದರು. ವಯಸ್ಸಿಗೆ ಬಂದ ಮಗಳಿದ್ದಾಳೆ, ಗುರುತಿಲ್ಲದ ಹುಡುಗ, ಬೇಡ ಅಂದೆ. ಮಗಳು ಓದಲು ಸಾಸ್ಕಟೂನ್‌ಗೆ ಹೋಗಿ ಕೋಣೆ ಖಾಲಿಯಾದ ಮೇಲೆ ಹೂಂ ಅಂದೆ. ಇಲ್ಲಿ ಇದನ್ನು ಬಿಲೆಟ್ ಅನ್ನುತ್ತಾರೆ. ನಮ್ಮ ಕಡೆ ವಾರಾನ್ನದ ಹುಡುಗರಿರುತ್ತಿದ್ದರಲ್ಲ, ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಊಟದ ಖರ್ಚಿಗೆ ಒಂದಿಷ್ಟು ಸಿಗುತ್ತದೆ, ಲಾಭ ಎಣಿಸಬೇಡಿ. ಖಾರ ಕಡಿಮೆ ಮಾಡಿ. ಮೊಟ್ಟೆ, ಕೋಳಿ ಇಲ್ಲದೆ ನಡೆಯುವುದಿಲ್ಲ. ಅದನ್ನು ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ನಮ್ಮ ಮನೆಯಲ್ಲಿದ್ದ ಹುಡುಗ ಪಂದ್ಯದ ದಿನ ಎಂಟು ದೋಸೆ ತಿನ್ನುತ್ತಿದ್ದ.

ನಮ್ಮ ಸಾಸ್ಕಾಚೆವಾನ್ ಪ್ರಾಂತ್ಯದ ಜೂನಿಯರ್ ಲೀಗಿನಲ್ಲಿ 12 ತಂಡಗಳು. ಸೆಪ್ಟೆಂಬರಿನಿಂದ 50ಕ್ಕೂ ಜಾಸ್ತಿ ಪಂದ್ಯ, ಮಾರ್ಚ್‌ನಲ್ಲಿ ಪ್ಲೇಆಫ್, ಅಂದರೆ ಗೆದ್ದ ತಂಡ ಯಾವುದು ಅಂತ ತೀರ್ಮಾನಿಸುವ ಕೊನೆಯ ಸುತ್ತುಗಳು. ಅರ್ಧ ಪಂದ್ಯ ಪರಊರಿನಲ್ಲಿ. ಎಸ್ತೆವಾನ್ ಅಮೆರಿಕದ ಗಡಿಯ ಹತ್ತಿರ, ಫ್ಲಿನ್ ಫ್ಲಾನ್ ಪಕ್ಕದ ಪ್ರಾಂತ್ಯ ಮ್ಯಾನಿಟೋಬಾದಲ್ಲಿ. ಬಸ್ಸು ವಾಪಸ್ ಬರುವಾಗ ಬೆಳಗಿನ ಜಾವ. ಬಾಗಿಲ ಸದ್ದು ಕೇಳುವವರೆಗೂ ನಿಮಗೆ ನಿದ್ದೆ ಬರುವುದಿಲ್ಲ, ಈಗಲೇ ಹೇಳಿರುತ್ತೇನೆ. 2018ರ ಏಪ್ರಿಲ್ 6ರಂದು ಹಂಬೋಲ್ಟ್ ಬ್ರಾಂಕೋಸ್ ತಂಡ ಪ್ಲೇಆಫ್ ಆಡಲು ನಿಮ್ಮೂರಿಗೇ ಬರುತ್ತಿತ್ತು. 35ನೇ ಹೆದ್ದಾರಿಯಲ್ಲಿ ಬಸ್ಸಿಗೂ ಲಾರಿಗೂ ಡಿಕ್ಕಿಯಾಗಿ 16 ಜನ ಹೋದರು. ಅವರ ನೆನಪಿಗೆ ದೇಶದ ತುಂಬ ಜನ ಹಾಕಿ ಸ್ಟಿಕ್ಕನ್ನು ಬಾಗಿಲ ಮುಂದೆ ಇಟ್ಟು ದೀಪ ಹಾಕಿಟ್ಟರು. ನಾವೂ ಇಟ್ಟೆವು. ನಮ್ಮ ಹುಡುಗ ಆ ರಾತ್ರಿಯೆಲ್ಲ ಅಡುಗೆಮನೆಯಲ್ಲೇ ಕೂತಿದ್ದ.

ನನ್ನ ತಪ್ಪು ಆಗಿದ್ದು ಅದಾದ ಮುಂದಿನ ಸೀಸನ್ನಿನಲ್ಲಿ. ಅವನಿಗೆ 20 ವರ್ಷ. ಜೂನಿಯರ್‌ನಲ್ಲಿ ಅದೇ ಕೊನೆಯ ವರ್ಷ. ಅಂಥವರ ಕೊನೆಯ ಪಂದ್ಯ ಊರಿನಲ್ಲಿ ನಡೆಯುವಾಗ, ಆಟಕ್ಕೆ ಮೊದಲು ಅಪ್ಪ ಅಮ್ಮನನ್ನೂ ಬಿಲೆಟ್ ಮನೆಯವರನ್ನೂ ಐಸ್ ಮೇಲೆ ಕರೆದು ಫೋಟೋ ತೆಗೆಯುತ್ತಾರೆ. ಅವನು ಒಂದು ವಾರ ಮೊದಲೇ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದ್ದ. ಸುಮ್ನೆ ಪಂದ್ಯದ ತಾರೀಕು ಅಂದುಕೊಂಡೆ. ಬರಲೇಬೇಕು ಅಂದರೆ ನಮ್ಮಲ್ಲಿ ಕುಂಕುಮ ಕೊಟ್ಟು ಕರೆಯುತ್ತಾರೆ, ಮತ್ತೆ ಮತ್ತೆ ಹೇಳುತ್ತಾರೆ, ಅಲ್ವಾ? ಇವನು ಎರಡನೇ ಸಲ ಕೇಳಲಿಲ್ಲ. ಅವತ್ತು ವೃದ್ಧಾಶ್ರಮದಲ್ಲಿ ಓವರ್‌ಟೈಮ್ ಸಿಕ್ಕಿತು, ಹೋದೆ. ನಮ್ಮವರಿಗೂ ಹೋಗಿ ಅನ್ನಲಿಲ್ಲ. ಅವನ ಅಮ್ಮನಿಗೆ ದೇಶದ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡ್‌ನಿಂದ ಬರಲು ಆಗಿರಲಿಲ್ಲ.

ಫೋಟೋ ಆಮೇಲೆ ನೋಡಿದೆ. ಉಳಿದವರ ಪಕ್ಕ ಇಬ್ಬರು, ನಾಲ್ವರು, ಕೈಯಲ್ಲಿ ಹೂವು. ಇವನ ಪಕ್ಕ ತಂಡದ ಸಾಮಾನು ನೋಡಿಕೊಳ್ಳುವವರು ನಿಂತಿದ್ದರು. ಆ ರಾತ್ರಿ ಬಂದವನು ಏನೂ ಹೇಳಲಿಲ್ಲ. ಉಂಡು, ತಟ್ಟೆ ತೊಳೆದಿಟ್ಟು ಮಲಗಿದ. ಈಗಲೂ ಯುಗಾದಿಗೆ ಫೋನ್ ಮಾಡುತ್ತಾನೆ. ನಾನು ಇವತ್ತಿಗೂ ಆ ವಿಷಯ ಎತ್ತಿಲ್ಲ.

ಪಂದ್ಯಗಳ ಪಟ್ಟಿ ಕೈಗೆ ಬಂದ ದಿನವೇ ನಿಮ್ಮೂರಿನ ಕೊನೆಯ ಪಂದ್ಯದ ತಾರೀಕಿಗೆ ಗುರುತು ಹಾಕಿ, ಆಗಲೇ ರಜೆ ಕೇಳಿ. ಸೀರೆ ಉಡುವುದಾದರೆ ಒಳಗೆ ಥರ್ಮಲ್ ಹಾಕಿಕೊಳ್ಳಿ. ಐಸ್ ಮೇಲೆ ಕಾರ್ಪೆಟ್ ಹಾಸಿರುತ್ತಾರೆ, ಜಾರುವುದಿಲ್ಲ.