ಲೇಯರ್ ತ್ರೀ ಸ್ವಿಚ್‌ನಲ್ಲಿ ಒಂದು ವಿಲ್ಯಾನ್‌ನಿಂದ ಇನ್ನೊಂದಕ್ಕೆ ಪಿಂಗ್ ಹೋಗುತ್ತಿಲ್ಲ, ಏನು ನೋಡಬೇಕು?

ಬಿಲ್ಲಿಂಗ್ ಕಂಪ್ಯೂಟರ್ ವಿಲ್ಯಾನ್ 10ರಲ್ಲಿ, ಕ್ಯಾಮೆರಾ ವಿಲ್ಯಾನ್ 20ರಲ್ಲಿ, ಸ್ವಿಚ್ ಸಿಸ್ಕೋದು ಅಂದಿದ್ದೀರಿ. ವಿಲ್ಯಾನ್ ಅಂದರೆ ಒಂದೇ ಸ್ವಿಚ್‌ನೊಳಗೆ ಬೇರೆ ಬೇರೆಯಾಗಿ ಮಾಡಿದ ನೆಟ್‌ವರ್ಕ್. ಒಂದರಿಂದ ಇನ್ನೊಂದಕ್ಕೆ ಡೇಟಾ ದಾಟಿಸುವುದು ಲೇಯರ್ ತ್ರೀ ಸ್ವಿಚ್‌ನ ಕೆಲಸ, ಅದು ತಲುಪುತ್ತಿದೆಯಾ ಅಂತ ಪರೀಕ್ಷಿಸುವುದು ಪಿಂಗ್. ಮೊದಲು ಹೀಗೆ ದಾಟಿಸುವುದನ್ನು ಆನ್ ಮಾಡುವ 'ಐಪಿ ರೌಟಿಂಗ್' ಕಮಾಂಡ್ ಕೊಟ್ಟಿದ್ದೀರಾ ನೋಡಿ. ಎಷ್ಟೋ ಮಾಡೆಲ್‌ಗಳಲ್ಲಿ ಅದು ತಾನಾಗಿ ಆನ್ ಇರುವುದಿಲ್ಲ.

ಆಮೇಲೆ 'ಶೋ ಐಪಿ ಇಂಟರ್‌ಫೇಸ್ ಬ್ರೀಫ್' ಹೊಡೆಯಿರಿ. ವಿಲ್ಯಾನ್ 20ರ ಸಾಲಿನಲ್ಲಿ ಕೊನೆಗೆ 'ಡೌನ್' ಅಂತ ಬಂದರೆ ಐಪಿ ವಿಳಾಸ ತಿದ್ದುತ್ತಾ ಕೂರಬೇಡಿ. ಅದು ಅಪ್ ಆಗಲು ಆ ವಿಲ್ಯಾನ್ ಸ್ವಿಚ್‌ನ ಡೇಟಾಬೇಸ್‌ನಲ್ಲಿ ಇರಬೇಕು, ಅದರ ಒಂದು ಪೋರ್ಟಾದರೂ ಅಪ್ ಇರಬೇಕು. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮಂಡಿಯಲ್ಲಿ ನಾನು ಅರ್ಧ ದಿನ ಕಾನ್ಫಿಗರೇಶನ್ ತಡಕಾಡಿದ್ದೆ. ಕೊನೆಗೆ ನೋಡಿದರೆ ಮಳೆಗಾಲದ ಥಂಡಿಗೆ ಕ್ಯಾಮೆರಾ ಕೇಬಲ್‌ನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಪೋರ್ಟಿನ ಲೈಟೇ ಹತ್ತಿರಲಿಲ್ಲ!

ಎಲ್ಲಾ ಅಪ್ ಇದ್ದರೆ ಗೇಟ್‌ವೇ ನೋಡಿ, ಅಂದರೆ ಬೇರೆ ನೆಟ್‌ವರ್ಕಿಗೆ ಹೋಗಲು ಬಳಸುವ ವಿಳಾಸ. ಜಾಸ್ತಿ ಜನ ಎಡವುವುದು ಇಲ್ಲೇ. ಕ್ಯಾಮೆರಾದಲ್ಲಿ ಇಂಟರ್ನೆಟ್ ರೌಟರ್‌ನ ಐಪಿ ಅಲ್ಲ, ಸ್ವಿಚ್‌ನ ವಿಲ್ಯಾನ್ 20ರ ಐಪಿ ಕೊಟ್ಟಿರಬೇಕು. ಪಿಂಗ್ ಹೋದರೆ ಸಾಲದು, ಉತ್ತರ ವಾಪಸ್ ಬರಬೇಕು ಅಲ್ವಾ?

ಕ್ಯಾಮೆರಾ ಕಡೆಯಿಂದ ಬಿಲ್ಲಿಂಗ್ ಕಂಪ್ಯೂಟರಿಗೆ ಮಾತ್ರ ಪಿಂಗ್ ಸಿಗದಿದ್ದರೆ ಸುಮ್ನೆ ಸ್ವಿಚ್‌ಗೆ ಬೈಯಬೇಡಿ. ವಿಂಡೋಸ್ ಫೈರ್‌ವಾಲ್ ಸಾಮಾನ್ಯವಾಗಿ ಬೇರೆ ಸಬ್‌ನೆಟ್‌ನ (ಇಲ್ಲಿ ಬೇರೆ ವಿಲ್ಯಾನ್‌ನ) ಪಿಂಗ್ ತಡೆಯುತ್ತದೆ.