ಕೊಡಚಾದ್ರಿ ಹತ್ತುವವರಿಗೆ: ಹೊತ್ತು, ಮಂಜು, ಉಣುಗು

ಮಳೆ ಬಿಟ್ಟು ಗುಡ್ಡದ ದಾರಿ ಒಣಗುತ್ತಿದ್ದಂತೆ ಚಾರಣದ ಪತ್ರಗಳು ಬರತೊಡಗಿವೆ. ಹೆಚ್ಚು ಜನ ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ಡಿಸೆಂಬರಿನ ಒಂದು ಶನಿವಾರ ನಾವು ಆರು ಜನ ಗೆಳೆಯರು ಕೊಡಚಾದ್ರಿಯನ್ನು ನಡೆದೇ ಹತ್ತಬೇಕೆಂದಿದ್ದೇವೆ. ಎಷ್ಟು ಹೊತ್ತು ಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಲೆಕ್ಕ ಹಾಕುವುದು ಹೇಗೆ? (ಭದ್ರಾವತಿ)

ಉತ್ತರ: ಕಿಲೋಮೀಟರು ಮಾತ್ರ ಕೇಳಿಕೊಂಡು ಹೊರಟವರ ಲೆಕ್ಕ ತಪ್ಪುತ್ತದೆ. ಏರು ಎಷ್ಟು ಎಂಬುದೂ ಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನೇ ಇಂದಿಗೂ ಬಳಸುತ್ತಾರೆ: 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕೊಡಚಾದ್ರಿಯ ಎತ್ತರ 1,343 ಮೀಟರ್. ನೀವು ನಡಿಗೆ ಶುರುಮಾಡುವ ಜಾಗದ ಎತ್ತರವನ್ನು ಅದರಲ್ಲಿ ಕಳೆದರೆ ಏರು ಸಿಗುತ್ತದೆ. 8 ಕಿ.ಮೀ. ದೂರ, 700 ಮೀಟರ್ ಏರು ಎಂದಿಟ್ಟುಕೊಳ್ಳಿ. ಸೂತ್ರದ ಪ್ರಕಾರ ಸುಮಾರು 2 ಗಂಟೆ 45 ನಿಮಿಷ. ಆದರೆ ಅದು ನಡೆದು ಪಳಗಿದ ಕಾಲಿಗೆ, ಒಳ್ಳೆಯ ದಾರಿಗೆ, ನಿಲ್ಲದ ನಡಿಗೆಗೆ ಹೇಳಿದ ಹೊತ್ತು. ನಮ್ಮ ಕಾಡಿನಲ್ಲಿ ದರಗಿನಡಿ (ಉದುರಿದ ಒಣ ಎಲೆಯಡಿ) ಬೇರು, ಹಳ್ಳದಲ್ಲಿ ಪಾಚಿಗಟ್ಟಿದ ಕಲ್ಲು. ಒಂದೂವರೆ ಪಟ್ಟು ಮಾಡಿಕೊಳ್ಳಿ: ನಾಲ್ಕು ಗಂಟೆ ದಾಟುತ್ತದೆ. ಇಳಿಯುವುದಕ್ಕೆ ಮೂರು ಗಂಟೆ ಎತ್ತಿಡಿ. ಇಳಿಯುವಾಗ ಉಸಿರು ಹಗುರ, ಆದರೆ ಮಂಡಿ ಸೋತಿರುತ್ತದೆ. ಕಾಲು ಉಳುಕುವುದು ಹೆಚ್ಚಾಗಿ ಆಗಲೇ.

ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಕಾನಿನೊಳಗೆ ಐದೂವರೆಗೇ ಕತ್ತಲು. ಆದ್ದರಿಂದ ಬೆಳಿಗ್ಗೆ ಏಳೂವರೆಯೊಳಗೆ ಹೊರಡಿ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ. ಗುಡ್ಡದ ತುದಿಯ ಸರ್ವಜ್ಞ ಪೀಠ ಕಣ್ಣೆದುರಿಗೇ ಇದ್ದರೂ ಸರಿ. ಈ ಮಾತು ಆರೂ ಜನರ ನಡುವೆ ಹಿಂದಿನ ರಾತ್ರಿಯೇ ಆಗಿರಬೇಕು. ಗುಡ್ಡದ ಮೇಲೆ ನಿಂತು ಚರ್ಚೆ ಶುರುಮಾಡಿದರೆ ಇನ್ನೂ ಅರ್ಧ ಗಂಟೆ ಹೋಗುತ್ತದೆ.

ನಿಧಾನ ನಡೆಯುವವರನ್ನು ಸಾಲಿನಲ್ಲಿ ಎರಡನೆಯವರಾಗಿ ಬಿಡಿ, ಅನುಭವಸ್ಥರು ಕೊನೆಯಲ್ಲಿರಲಿ. ಮುಂದೆ ಓಡಿದವರು ಕಾಯುತ್ತಾ ಕುಳಿತು ಸುಧಾರಿಸಿಕೊಳ್ಳುತ್ತಾರೆ, ಹಿಂದಿನವರು ಬಂದ ಕೂಡಲೇ ಎದ್ದು ಹೊರಡುತ್ತಾರೆ. ಯಾರಿಗೆ ವಿಶ್ರಾಂತಿ ಬೇಕಿತ್ತೋ ಅವರಿಗೇ ಸಿಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರು ಕುಸಿಯುವುದು ಹೀಗೆ.

ಪ್ರಶ್ನೆ: ಇರುವ ದಾರಿ ಬಿಟ್ಟು ಬೋಳುಗುಡ್ಡದ ಮೇಲೆ ನಮ್ಮದೇ ದಾರಿ ಹಿಡಿದು ಹೋಗಬಹುದೇ? ಮಂಜು ಕವಿದರೆ ಏನು ಮಾಡಬೇಕು? (ಶಿವಮೊಗ್ಗ)

ಉತ್ತರ: ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿಧಾಮದಲ್ಲಿ. ಅಲ್ಲಿ ಅರಣ್ಯ ಇಲಾಖೆ ಅನುಮತಿಸಿದ ದಾರಿಯಲ್ಲೇ ನಡೆಯಬೇಕು, ಬೇರೆ ಮಾತಿಲ್ಲ. ಬೆಂಕಿ ಹಾಕುವುದಂತೂ ಬೇಡವೇ ಬೇಡ. ಜನವರಿ ಕಳೆದ ಮೇಲೆ ಒಂದು ಕಿಡಿಗೆ ಇಡೀ ಗುಡ್ಡದ ಹುಲ್ಲು ಉರಿಯುತ್ತದೆ.

ಇರುವ ದಾರಿಯೂ ಹುಲ್ಲುಗುಡ್ಡದಲ್ಲಿ ಕೈಕೊಡುತ್ತದೆ. ದನ, ಕಾಟಿ (ಕಾಡುಕೋಣ) ಓಡಾಡಿದ ಜಾಡು ಕಾಲುದಾರಿಯಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಗುರುತು ಹಿಡಿಯುವುದು ಹೀಗೆ: ಪ್ರಾಣಿಗಳ ಜಾಡು ಏರು ತಪ್ಪಿಸಿ ಗುಡ್ಡದ ಪಕ್ಕೆಗೆ ಅಡ್ಡಡ್ಡ ಸಾಗುತ್ತದೆ, ಹತ್ತಾರು ಮಾರಿಗೊಮ್ಮೆ ಕವಲೊಡೆಯುತ್ತದೆ, ಕೊನೆಗೆ ನೀರಿನ ಹತ್ತಿರವೋ ಮರದ ನೆರಳಲ್ಲೋ ಮುಗಿದುಹೋಗುತ್ತದೆ. ಏರು ದಾರಿ ಐದು ನಿಮಿಷ ಸಮತಟ್ಟಾಗಿಯೇ ಸಾಗಿತೆಂದರೆ ನಿಂತು ನಕಾಶೆ ನೋಡಿ. ಸರ್ವೆ ಆಫ್ ಇಂಡಿಯಾದ 1:50,000 ನಕಾಶೆಯಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ.; ಎತ್ತರದ ಗೆರೆಯಿಂದ ಗೆರೆಗೆ 20 ಮೀಟರ್. 700 ಮೀಟರ್ ಏರು ಎಂದರೆ 35 ಗೆರೆ. ಗೆರೆಗಳು ಒತ್ತೊತ್ತಾಗಿರುವ ಕಡೆ ದರಿ ಇದೆ ಎಂದೇ ತಿಳಿಯಿರಿ. ಮೊಬೈಲ್ ನಕಾಶೆಯನ್ನು ಮನೆಯಲ್ಲೇ ಇಳಿಸಿಕೊಂಡು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿಯಾಗುವುದು.

ಮಂಜು ಕವಿದರೆ ಕುಳಿತುಬಿಡಿ. ಎಷ್ಟೋ ಸಲ ಅರ್ಧ ಗಂಟೆಯಲ್ಲಿ ಹರಿಯುತ್ತದೆ. ಹರಿಯದಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಿ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ಮಾತನ್ನು ಘಟ್ಟದ ಅಂಚಿನಲ್ಲಿ ನಂಬಬೇಡಿ. ಇಲ್ಲಿ ಹಳ್ಳ ಇಳಿಯುವುದಿಲ್ಲ, ಧುಮುಕುತ್ತದೆ. ಹಿಡ್ಲುಮನೆ ಅಬ್ಬಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಮಂಗನ ಕಾಯಿಲೆಯ ಭಯದಿಂದ ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ. ಜನವರಿಯಲ್ಲಿ ಹೋಗಬಹುದೇ? (ದಾವಣಗೆರೆ)

ಉತ್ತರ: ಮನೆಯವರ ಭಯಕ್ಕೆ ಕಾರಣವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಇದು. ಹೆಚ್ಚು ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಚಾರಣದ ಕಾಲದಲ್ಲೇ. ಹರಡುವುದು ಉಣುಗಿನಿಂದ; ಮನುಷ್ಯರಿಂದ ಮನುಷ್ಯರಿಗಲ್ಲ. ಈ ತಿಂಗಳುಗಳಲ್ಲಿ ಓಡಾಡುವ ಮರಿ ಉಣುಗು ಸಾಸಿವೆಗಿಂತ ಚಿಕ್ಕದು, ಕಚ್ಚಿದ್ದೂ ತಿಳಿಯುವುದಿಲ್ಲ.

ಹೊರಡುವ ಮೊದಲು ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಮಂಗ ಸತ್ತ ವರದಿ ಇದೆಯೇ ಕೇಳಿ. ಇದ್ದರೆ ಆ ವಾರ ಬೇರೆ ಕಡೆ ಹೋಗಿ. ಸತ್ತ ಮಂಗದ ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ನೆಲದಲ್ಲಿ ಹರಡಿಕೊಳ್ಳುತ್ತವೆ. ಹಾಗಾಗಿ ಹತ್ತಿರ ಹೋಗಿ ಫೋಟೋ ತೆಗೆಯುವುದು ಎಲ್ಲಕ್ಕಿಂತ ಅಪಾಯದ ಕೆಲಸ.

ತಿಳಿಬಣ್ಣದ ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ತೈಲ ಸವರಿಕೊಳ್ಳಿ. ಕಾಯಿಲೆಯಿರುವ ಊರುಗಳಲ್ಲಿ ಆರೋಗ್ಯ ಇಲಾಖೆಯೇ ಇದನ್ನು ಹಂಚುತ್ತದೆ. ದರಗಿನ ಮೇಲೆ ಕೂರಬೇಡಿ, ಒಂದು ಪ್ಲಾಸ್ಟಿಕ್ ಹಾಳೆ ಜೊತೆಗಿರಲಿ. ವಾಪಸು ಬಂದ ದಿನವೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ತಡಕಿ ನೋಡಿ. ಉಣುಗು ಸಿಕ್ಕರೆ ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಬಿಡಬೇಡಿ, ತಿರುಚಬೇಡಿ, ಬೆರಳಲ್ಲಿ ಹಿಚುಕಬೇಡಿ.

ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಇದ್ದಕ್ಕಿದ್ದಂತೆ ಏರುತ್ತದೆ. ತಲೆನೋವು, ಮೈಕೈ ನೋವು ವಿಪರೀತ. ಅಷ್ಟರಲ್ಲಿ ನೀವು ಊರು ಸೇರಿರುತ್ತೀರಿ, ಅಲ್ಲಿನ ವೈದ್ಯರಿಗೆ ಡೆಂಗಿ ಇರಬೇಕೆನಿಸುವುದು ಸಹಜ. ಮಲೆನಾಡಿನ ಕಾಡಿನಲ್ಲಿ ನಡೆದು ಬಂದಿದ್ದನ್ನು ನೀವಾಗಿಯೇ ಮೊದಲು ಹೇಳಿ. ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ತಾವಾಗಿ ನುಂಗಬಾರದು. ಜ್ವರ ಬಿಟ್ಟು ವಾರ ಕಳೆದ ಮೇಲೆ ಮತ್ತೆ ಬರುವುದೂ ಉಂಟು, ವಾಸಿಯಾಯಿತೆಂದು ಸುಮ್ಮನಾಗಬೇಡಿ.

ಪ್ರಶ್ನೆ: ಉಂಬಳ ಹತ್ತಿದರೆ? (ತರೀಕೆರೆ)

ಉತ್ತರ: ಅದು ಮಳೆಗಾಲದ ಕಾಟ. ಕಾಯಿಲೆ ತರುವ ಉಣುಗಿನ ಮುಂದೆ ಏನೂ ಅಲ್ಲ. ಉಗುರಿನಿಂದ ಅದರ ಸಣ್ಣ ತುದಿಯನ್ನು ಚರ್ಮದಿಂದ ಸರಿಸಿ ಬಿಡಿಸಿ. ಉಪ್ಪು, ಸುಣ್ಣ ಹಾಕಿದರೆ ಬೀಳುತ್ತದೆ ನಿಜ, ಆದರೆ ಕುಡಿದದ್ದನ್ನು ಗಾಯದೊಳಗೇ ಕಕ್ಕಬಹುದು. ರಕ್ತ ಹೆಪ್ಪುಗಟ್ಟದ ಪದಾರ್ಥ ಬಿಟ್ಟಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತದೆ. ತೊಳೆದು, ಬಟ್ಟೆಯಿಂದ ಒತ್ತಿ ಹಿಡಿಯಿರಿ.

ಪ್ರಶ್ನೆ: ನೀರು ಎಷ್ಟು ಹೊರಬೇಕು? (ಹೊಸನಗರ)

ಉತ್ತರ: ಒಬ್ಬರಿಗೆ 3 ಲೀಟರ್. ಮಾರ್ಚ್ ನಂತರ ಹಳ್ಳ ಬತ್ತಿರುತ್ತದೆ, ಇನ್ನೂ ಒಂದು ಲೀಟರ್ ಸೇರಿಸಿ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಕಣ್ಣೀರಿಗಿಂತ ಉಪ್ಪೆನಿಸಿದರೆ ಚೆಲ್ಲಿ, ಹೊಸದಾಗಿ ಕಲಸಿ.